ತೊಳೆಯುವ ಮೊದಲು ಕೊಳೆ ನೋಡಿ: ಸ್ಪ್ಲೆಂಡರ್‌ನ ಹಿಂದಿನ ಸ್ಪ್ರಾಕೆಟ್ ಬಿಚ್ಚಿ ಸ್ವಚ್ಛ ಮಾಡುವ ಬಗ್ಗೆ

ಪ್ರಶ್ನೆ: ಸರ್, ನಾನು ಗದಗ ಜಿಲ್ಲೆಯ ರೈತ. ನನ್ನ ಹತ್ತಿರ ಹಳೆಯ ಸ್ಪ್ಲೆಂಡರ್ ಪ್ಲಸ್ ಇದೆ, ದಿನಾ ಹೊಲಕ್ಕೆ ಅದರಲ್ಲೇ ಓಡಾಟ. ಮಳೆಗಾಲ ಮುಗಿದ ಮೇಲೆ ವಾಟರ್ ಸರ್ವಿಸ್ ಮಾಡಿಸಿದೆ. ಆಮೇಲಿಂದ ಗಾಡಿ ಎಬ್ಬಿಸುವಾಗ, ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಡುವಾಗ ಹಿಂದಿನ ಚಕ್ರದಲ್ಲಿ ‘ಟಕ್’ ಎಂದು ಸದ್ದು ಬರುತ್ತದೆ. ಒಂದೇ ವೇಗದಲ್ಲಿ ಹೋಗುವಾಗ ಸದ್ದಿಲ್ಲ. ಚೈನ್ ಸೆಟ್ (ಚೈನ್, ಅದು ಸುತ್ತುವ ಎರಡು ಹಲ್ಲಿನ ಚಕ್ರ ಅಂದರೆ ಸ್ಪ್ರಾಕೆಟ್) ಹಾಕಿಸಿ ಒಂದು ವರ್ಷ ಆಗಿದೆ ಅಷ್ಟೇ. ಮೆಕ್ಯಾನಿಕ್ ಮತ್ತೆ ಪೂರ್ತಿ ಚೈನ್ ಸೆಟ್ ಬದಲಿಸಬೇಕು, ಹಬ್ (ಚಕ್ರದ ನಡುಭಾಗ) ಕೂಡ ಹೋಗಿರಬಹುದು ಅನ್ನುತ್ತಾರೆ. ಇನ್ನೊಬ್ಬರು ಹಬ್ಬಿನೊಳಗೆ ಸೈಕಲ್ ಟ್ಯೂಬಿನ ತುಂಡು ತುಂಬಿದರೆ ಸರಿಹೋಗುತ್ತದೆ ಅನ್ನುತ್ತಾರೆ. ಹಿಂದಿನ ಸ್ಪ್ರಾಕೆಟ್ ಭಾಗವನ್ನು ನಾನೇ ಮನೆಯಲ್ಲಿ ಬಿಚ್ಚಿ ತೊಳೆಯಬಹುದೇ? ಪೆಟ್ರೋಲ್‌ನಲ್ಲಿ ತೊಳೆಯಬೇಕೋ ಡೀಸೆಲ್‌ನಲ್ಲೋ? ಹಿಂದಿನ ಬ್ರೇಕೂ ಸ್ವಲ್ಪ ಕಡಿಮೆಯಾದಂತಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ಖಂಡಿತ ನೀವೇ ಬಿಚ್ಚಬಹುದು. ಬಿಚ್ಚಿ ನೋಡುವವರೆಗೆ ಯಾವ ಸಾಮಾನಿಗೂ ದುಡ್ಡು ಕೊಡಬೇಡಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ‘ಒಂದೇ ವೇಗದಲ್ಲಿ ಹೋಗುವಾಗ ಸದ್ದಿಲ್ಲ’ ಎಂಬ ಮಾತು. ಚೈನ್ ಮತ್ತು ಹಲ್ಲು ಸವೆದಿದ್ದರೆ ಚಕ್ರ ತಿರುಗುವ ಲಯಕ್ಕೆ ತಕ್ಕಂತೆ ಸದ್ದು ಬರುತ್ತಲೇ ಇರುತ್ತದೆ, ವೇಗ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಎಳೆತದ ದಿಕ್ಕು ಬದಲಾದಾಗ ಮಾತ್ರ, ಅಂದರೆ ಎಂಜಿನ್ ಚಕ್ರವನ್ನು ಎಳೆಯುವುದು ನಿಂತು ಚಕ್ರವೇ ಎಂಜಿನ್ನನ್ನು ಎಳೆಯತೊಡಗಿದಾಗ ಒಂದೇ ಒಂದು ‘ಟಕ್’ ಬರುತ್ತದೆ ಎಂದರೆ, ಎಲ್ಲೋ ಒಂದು ಕಡೆ ಖಾಲಿ ಜಾಗ ಹುಟ್ಟಿಕೊಂಡಿದೆ. ಆ ಜಾಗ ಚೈನ್ ಸಡಿಲವಾದದ್ದರಿಂದ ಬಂದಿರಬಹುದು. ಅದನ್ನು ಮೊದಲು ನೋಡಿ, ಖರ್ಚಿಲ್ಲದ ಕೆಲಸ. ಚೈನ್ ಸರಿಯಿದ್ದೂ ಸದ್ದು ಬರುತ್ತಿದ್ದರೆ ನನ್ನ ಅನುಮಾನ ಸ್ಪ್ರಾಕೆಟ್ ಮೇಲಲ್ಲ, ಅದರ ಬೆನ್ನಿಗಿರುವ ಹಬ್ ರಬ್ಬರ್ ಮೇಲೆ.

ಆ ಜಾಗದ ರಚನೆ ಹೀಗಿದೆ. ಹಿಂದಿನ ಸ್ಪ್ರಾಕೆಟ್ ನೇರವಾಗಿ ಚಕ್ರಕ್ಕೆ ಬೋಲ್ಟ್ ಆಗಿಲ್ಲ. ಅದು ಒಂದು ಅಲ್ಯೂಮಿನಿಯಂ ಕಪ್ಲಿಂಗ್ ಮೇಲೆ ಕೂತಿದೆ. ಕಪ್ಲಿಂಗಿನ ಒಳಮುಖದಲ್ಲಿ ದಪ್ಪ ರೆಕ್ಕೆಗಳಿವೆ. ಚಕ್ರದ ಹಬ್ಬಿನಲ್ಲಿ ಗೂಡುಗಳಿವೆ, ಗೂಡುಗಳಲ್ಲಿ ರಬ್ಬರ್ ತುಂಡುಗಳಿವೆ. ರೆಕ್ಕೆಗಳು ರಬ್ಬರಿನ ಸಂದಿಯಲ್ಲಿ ಬಿಗಿಯಾಗಿ ಕೂರುತ್ತವೆ. ಕ್ಲಚ್ ಬಿಟ್ಟಾಗ ಬರುವ ಜರ್ಕನ್ನು ಈ ರಬ್ಬರ್ ನುಂಗಿಕೊಂಡು ಚಕ್ರಕ್ಕೆ ಮೆತ್ತಗೆ ದಾಟಿಸುತ್ತದೆ. ರಬ್ಬರ್ ಸವೆದು ಸಣ್ಣದಾದರೆ ರೆಕ್ಕೆ ಗೂಡಿನೊಳಗೆ ಹಿಂದೆ ಮುಂದೆ ಓಡಾಡುತ್ತದೆ, ಹೋಗಿ ಬಡಿದಾಗ ‘ಟಕ್’. ಕಪ್ಲಿಂಗಿಗೆ ತನ್ನದೇ ಒಂದು ಬೇರಿಂಗ್ ಇದೆ. ಚಕ್ರದ ಬೇರಿಂಗ್‌ಗಳು ಬೇರೆ, ಇದು ಬೇರೆ. ವಾಟರ್ ಸರ್ವಿಸ್‌ನವರು ಪ್ರೆಷರ್ ಪೈಪನ್ನು ಹಬ್ಬಿಗೆ ನೇರ ಹಿಡಿದರೆ ನೀರು ಸೀಲ್ ದಾಟಿ ಒಳಗೆ ಹೋಗುತ್ತದೆ, ಹೋದ ನೀರು ಸುಲಭವಾಗಿ ಹೊರಗೆ ಬರುವುದಿಲ್ಲ. ನಿಮ್ಮ ಕಡೆಯ ಎರೆ ಮಣ್ಣು ಅದಕ್ಕೆ ಸೇರಿದರಂತೂ ಗ್ರೀಸ್, ಮಣ್ಣು, ನೀರು ಮೂರೂ ಕಲಸಿ ಉಜ್ಜುವ ಪೇಸ್ಟ್ ಆಗಿಬಿಡುತ್ತದೆ.

ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಎಂಜಿನ್ ಬಂದ್, ಕೀಲಿ ನಿಮ್ಮ ಜೇಬಿನಲ್ಲಿ. ಚೈನ್ ಕವರ್ ಬಿಚ್ಚಿ. ಸೀಮೆಸುಣ್ಣದಿಂದ ಸ್ಪ್ರಾಕೆಟ್ ಮೇಲಿಂದ ಹಬ್ಬಿನವರೆಗೆ ಒಂದೇ ನೇರ ಗೆರೆ ಎಳೆಯಿರಿ. ಗಾಡಿಯನ್ನು ಗೇರಿಗೆ ಹಾಕಿ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಅಲ್ಲಾಡಿಸಿ. ಗೇರಿನಲ್ಲಿರುವುದರಿಂದ ಚೈನಿನ ಸಡಿಲ ಮುಗಿದ ಮೇಲೆ ಸ್ಪ್ರಾಕೆಟ್ ನಿಲ್ಲುತ್ತದೆ. ರಬ್ಬರ್ ಚೆನ್ನಾಗಿದ್ದರೆ ಹಬ್ಬೂ ಅದರ ಜೊತೆಗೇ ನಿಲ್ಲುತ್ತದೆ, ಗೆರೆ ಹೆಚ್ಚುಕಡಿಮೆ ನೇರವಾಗಿಯೇ ಉಳಿಯುತ್ತದೆ. ರಬ್ಬರ್ ಹೋಗಿದ್ದರೆ ಸ್ಪ್ರಾಕೆಟ್ ನಿಂತರೂ ಹಬ್ ಮುಂದೆ ಸರಿಯುತ್ತದೆ, ಗೆರೆ ಎರಡು ತುಂಡಾಗುತ್ತದೆ, ನಿಮಗೆ ಗೊತ್ತಿರುವ ಅದೇ ‘ಟಕ್’ ಕೈಗೇ ಸಿಗುತ್ತದೆ. ಆಮೇಲೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ. ಅಡ್ಡ ಆಟ ಇದ್ದರೆ ಅದು ಬೇರಿಂಗಿನ ವಿಷಯ, ಇಲ್ಲವೇ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್‌ದು. ಎರಡೂ ಪರೀಕ್ಷೆಯ ಫಲ ಬರೆದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಈ ಅನುಭವ ಮತ್ತೆ ಸಿಗುವುದಿಲ್ಲ.

ಈಗ ಬಿಚ್ಚುವುದು. ಚೈನ್ ಇರುವ ಕಡೆ ಆಕ್ಸಲ್‌ನ (ಚಕ್ರದ ನಡುವೆ ಹಾಯುವ ಉಕ್ಕಿನ ಸರಳು) ತುದಿ ನೋಡಿದರೆ ಎರಡು ನಟ್ ಒಂದರ ಹಿಂದೊಂದು ಕಾಣುತ್ತವೆ. ಹೊರಗಿನದು ಆಕ್ಸಲ್ ನಟ್, ಅದರ ಹಿಂದಿನ ದೊಡ್ಡದು ಸ್ಲೀವ್ ನಟ್. ಇದು ಬಹಳ ಒಳ್ಳೆಯ ವ್ಯವಸ್ಥೆ. ಆಕ್ಸಲ್ ನಟ್ ಮಾತ್ರ ತೆಗೆದು ಆಕ್ಸಲ್ ಎಳೆದರೆ ಚಕ್ರ ಕೆಳಗೆ ಬರುತ್ತದೆ, ಸ್ಪ್ರಾಕೆಟ್ ಮತ್ತು ಚೈನ್ ಇದ್ದಲ್ಲೇ ಇರುತ್ತವೆ. ಪಂಚರ್ ಅಂಗಡಿಯವರು ಚೈನ್ ಮುಟ್ಟದೆ ಚಕ್ರ ತೆಗೆಯುವುದು ಹೀಗೆ. ಹಬ್ ರಬ್ಬರ್ ನೋಡುವುದಕ್ಕೂ ಅಷ್ಟೇ ಸಾಕು. ಸ್ಪ್ರಾಕೆಟ್ಟನ್ನೇ ಹೊರಗೆ ತೆಗೆದು ತೊಳೆಯಬೇಕಾದರೆ ಮಾತ್ರ ಸ್ಲೀವ್ ನಟ್ ಬಿಚ್ಚಬೇಕು. ನಿಮ್ಮದರಲ್ಲಿ ಮಣ್ಣು ನೀರು ಎರಡೂ ಹೊಕ್ಕಿರುವ ಲಕ್ಷಣ ಇದೆ, ಹಾಗಾಗಿ ಪೂರ್ತಿ ಬಿಚ್ಚಿ.

ಹಿಂದಿನ ಬ್ರೇಕ್ ರಾಡಿನ ಅಡ್ಜಸ್ಟರ್ ನಟ್ ತೆಗೆದು ರಾಡನ್ನು ಬಿಡಿಸಿ. ಸ್ಪ್ರಿಂಗ್ ಮತ್ತು ಪಿನ್ ಎಗರಿ ಬೀಳುತ್ತವೆ, ಹಿಡಿದುಕೊಳ್ಳಿ, ನಟ್ಟನ್ನು ಮತ್ತೆ ರಾಡಿಗೇ ತಿರುಗಿಸಿ ಇಟ್ಟರೆ ಕಳೆಯುವುದಿಲ್ಲ. ಬ್ರೇಕ್ ಪ್ಲೇಟನ್ನು ಸ್ವಿಂಗ್ ಆರ್ಮಿಗೆ ಕಟ್ಟಿರುವ ಸ್ಟಾಪರ್ ಆರ್ಮಿನ ಸ್ಪ್ಲಿಟ್ ಪಿನ್ ಎಳೆದು ಅದರ ನಟ್ ಬಿಚ್ಚಿ. ಗಾಡಿಯನ್ನು ನ್ಯೂಟ್ರಲ್‌ಗೆ ತಂದು, ಚೈನಿನ ಎರಡು ತುದಿ ಸೇರಿಸುವ ಚೈನ್ ಲಾಕ್ ಇರುವ ಕೊಂಡಿಯನ್ನು ಹಿಂದಿನ ಸ್ಪ್ರಾಕೆಟ್ ಮೇಲೆ ಬರುವಂತೆ ಚಕ್ರ ತಿರುಗಿಸಿ. ಅಲ್ಲಿ ಹಲ್ಲುಗಳು ಚೈನನ್ನು ಹಿಡಿದಿಟ್ಟಿರುವುದರಿಂದ ಲಾಕ್ ತೆಗೆಯುವುದು ಸುಲಭ. ಲಾಕಿನ ಮುಚ್ಚಿದ ತುದಿ ಯಾವ ಕಡೆ ಇದೆ ಎಂದು ನೋಡಿಟ್ಟುಕೊಳ್ಳಿ. ಲಾಕ್ ತೆಗೆದ ಮೇಲೆ ಚೈನನ್ನು ಸರ್ರನೆ ಎಳೆದುಬಿಡಬೇಡಿ. ಒಂದು ಹಳೆಯ ಚೈನ್ ತುಂಡು ಅಥವಾ ಗಟ್ಟಿ ತಂತಿಯನ್ನು ತುದಿಗೆ ಕಟ್ಟಿ ಎಳೆದರೆ, ವಾಪಸ್ ಹಾಕುವಾಗ ಮುಂದಿನ ಸ್ಪ್ರಾಕೆಟ್ ಸುತ್ತ ಚೈನ್ ತಾನೇ ಬರುತ್ತದೆ.

ಸ್ಲೀವ್ ನಟ್ಟನ್ನು ಚಕ್ರ ಇರುವಾಗಲೇ ಸಡಿಲ ಮಾಡಿಕೊಳ್ಳಿ, ಚಕ್ರ ತೆಗೆದ ಮೇಲೆ ಹಿಡಿತ ಸಿಗುವುದಿಲ್ಲ. ನಟ್ಟಿಗೆ ಸರಿಯಾಗಿ ಕೂರುವ ರಿಂಗ್ ಪಾನ ಬಳಸಿ. ಅಡ್ಜಸ್ಟಬಲ್ ಪಾನದಿಂದ ತಿರುಗಿಸಿ ಮೂಲೆ ಸವೆಸಿದ ನಟ್‌ಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಸರಿಯಾದ ಪಾನ ಒಂದು ಸಲ ಕೊಂಡರೆ ಜೀವಮಾನ ಬರುತ್ತದೆ. ಆಕ್ಸಲ್ ನಟ್ ತೆಗೆದು ಎದುರು ಕಡೆಯಿಂದ ಆಕ್ಸಲ್ ಎಳೆಯಿರಿ. ಜಾಮಾಗಿದ್ದರೆ ನಟ್ಟನ್ನು ಎರಡು ಸುತ್ತು ವಾಪಸ್ ಹಾಕಿ, ಮರದ ತುಂಡು ಕೊಟ್ಟು ತಟ್ಟಿ. ಬರೀ ಸುತ್ತಿಗೆಯಿಂದ ಹೊಡೆದರೆ ಆಕ್ಸಲ್ ತುದಿಯ ಥ್ರೆಡ್ ಹೂವಿನಂತೆ ಅರಳಿ ನಟ್ ಕೂರದೇ ಹೋಗುತ್ತದೆ. ಆಕ್ಸಲ್ ಬಂದ ಕೂಡಲೇ ಬ್ರೇಕ್ ಕಡೆಯ ಕಾಲರ್ (ಆಕ್ಸಲ್ ಮೇಲೆ ಕೂರುವ ಉಂಗುರ) ಕೆಳಗೆ ಬೀಳುತ್ತದೆ. ಅದು ಯಾವ ಮುಖ ಮಾಡಿ ಕೂತಿತ್ತು ಎಂದು ಮೊದಲೇ ಫೋಟೋ ತೆಗೆದಿರಿ. ಚಕ್ರವನ್ನು ಸ್ಪ್ರಾಕೆಟ್‌ನಿಂದ ದೂರಕ್ಕೆ ಎಳೆದರೆ ರಬ್ಬರಿನ ಹಿಡಿತ ಬಿಟ್ಟು ಹೊರಗೆ ಬರುತ್ತದೆ. ಕೊನೆಗೆ ಸ್ಲೀವ್ ನಟ್ ಪೂರ್ತಿ ತೆಗೆದು ಸ್ಪ್ರಾಕೆಟ್ಟನ್ನು ಕಪ್ಲಿಂಗ್ ಸಮೇತ ಇಳಿಸಿಕೊಳ್ಳಿ. ಕಪ್ಲಿಂಗ್ ಬೇರಿಂಗಿನ ನಡುವೆ ಇರುವ ಸ್ಲೀವ್ ಎಂಬ ಕೊಳವೆಯನ್ನು ಕಳೆಯದಂತೆ ಎತ್ತಿಡಿ.

ಬಿಚ್ಚಿದ ಸಾಮಾನನ್ನೆಲ್ಲ ಹಳೆಯ ಗೊಬ್ಬರದ ಚೀಲದ ಮೇಲೆ ಬಿಚ್ಚಿದ ಅನುಕ್ರಮದಲ್ಲೇ ಸಾಲಾಗಿ ಇಡಿ. ಈಗ ದಯವಿಟ್ಟು ಸ್ವಲ್ಪ ನಿಲ್ಲಿ. ಎಲ್ಲರೂ ಇಲ್ಲಿ ನೇರವಾಗಿ ಡೀಸೆಲ್ ಡಬ್ಬಕ್ಕೆ ಕೈ ಹಾಕುತ್ತಾರೆ. ರೋಗ ಯಾವುದು ಎಂದು ಹೇಳುವುದೇ ಕೊಳೆ, ತೊಳೆದುಬಿಟ್ಟರೆ ಅದು ಹೋಯಿತು. ಒಂದು ಬಿಳಿ ಬಟ್ಟೆಯಲ್ಲಿ ಒಂದೊಂದು ಜಾಗದ ಕೊಳೆಯನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿ, ಒಂದು ಫೋಟೋ ತೆಗೆದಿಡಿ.

ಹಬ್ಬಿನ ಗೂಡುಗಳಲ್ಲಿ ಕಾಡಿಗೆಯಂಥ ಒಣ ಕಪ್ಪು ಪುಡಿ ಇದ್ದರೆ ಅದು ಸವೆದ ರಬ್ಬರ್. ಸ್ವಲ್ಪ ಇದ್ದೇ ಇರುತ್ತದೆ. ಬೆರಳಿಗೆ ಮೆತ್ತುವಷ್ಟು ಇದ್ದರೆ ರೆಕ್ಕೆಗಳು ಓಡಾಡುತ್ತಿವೆ ಎಂದು ಖಚಿತ. ಕಪ್ಲಿಂಗ್ ಬೇರಿಂಗ್ ಸುತ್ತ, ಸ್ಲೀವ್ ಮೇಲೆ ಕೆಂಪು ಕಂದು ಪುಡಿ ಕಂಡರೆ ನೀರು ಒಳಹೊಕ್ಕು ಗ್ರೀಸ್ ಹೋಗಿ ಉಕ್ಕು ಒಣಗಿ ತಿರುಗುತ್ತಿದೆ. ನಿಮ್ಮ ವಾಟರ್ ಸರ್ವಿಸ್ ಕಥೆ ಕೇಳಿದ ಮೇಲೆ ನಾನು ಮೊದಲು ಹುಡುಕುವುದು ಇದನ್ನೇ. ಸ್ಪ್ರಾಕೆಟ್ ಬೋಲ್ಟ್‌ಗಳ ತಲೆಯ ಸುತ್ತ ತೆಳುವಾದ ತುಕ್ಕಿನ ಉಂಗುರ, ಅದರ ಪಕ್ಕದಲ್ಲೇ ಹೊಳೆಯುವ ಲೋಹ ಕಂಡರೆ ಬೋಲ್ಟ್ ಸಡಿಲವಾಗಿ ಸ್ಪ್ರಾಕೆಟ್ ಸ್ವಲ್ಪ ಸ್ವಲ್ಪವೇ ಜಾರುತ್ತಿದೆ. ‘ಟಕ್’ ಸದ್ದಿಗೆ ಇದೂ ಒಂದು ಕಾರಣ, ಬಹಳ ಮಂದಿ ಗಮನಿಸುವುದಿಲ್ಲ. ಹಲ್ಲುಗಳ ಸುತ್ತ ಬೆಳ್ಳಿ ಮಿಂಚಿನ ಕಪ್ಪು ಪೇಸ್ಟ್ ಇದ್ದು, ಹಲ್ಲಿನ ಒಂದು ಪಕ್ಕ ಮಾತ್ರ ಕನ್ನಡಿಯಂತೆ ಉಜ್ಜಿಹೋಗಿದ್ದರೆ ಚಕ್ರ ಸೊಟ್ಟಗೆ ಕೂತಿದೆ, ಚೈನ್ ಒಂದು ಬದಿಗೆ ಉಜ್ಜುತ್ತಿದೆ. ಅಂಥ ಕಡೆ ಎಷ್ಟು ಹೊಸ ಚೈನ್ ಸೆಟ್ ಹಾಕಿದರೂ ಬಾಳುವುದಿಲ್ಲ.

ಬ್ರೇಕ್ ಬಗ್ಗೆ ಕೇಳಿದಿರಿ. ಬ್ರೇಕ್ ಡ್ರಮ್ ಇರುವುದು ಸ್ಪ್ರಾಕೆಟ್‌ನ ಎದುರು ಪಕ್ಕದಲ್ಲಿ. ಹಾಗಾಗಿ ಚೈನಿಗೆ ಬಿಟ್ಟ ಆಯಿಲ್ ಅಲ್ಲಿಗೆ ಸುಲಭವಾಗಿ ಹೋಗುವುದಿಲ್ಲ. ಡ್ರಮ್ಮಿನೊಳಗೆ ಅಂಟು ಗ್ರೀಸ್ ಕಂಡರೆ ಆ ಕಡೆಯ ಚಕ್ರದ ಬೇರಿಂಗಿನ ಸೀಲ್ ಹೋಗಿದೆ, ಇಲ್ಲವೇ ಯಾರೋ ಬ್ರೇಕ್ ಕ್ಯಾಮಿಗೆ ಬೇಕಾದ್ದಕ್ಕಿಂತ ಹೆಚ್ಚು ಗ್ರೀಸ್ ಮೆತ್ತಿದ್ದಾರೆ. ಗ್ರೀಸ್ ಕುಡಿದ ಬ್ರೇಕ್ ಶೂವನ್ನು ಪೆಟ್ರೋಲ್‌ನಲ್ಲಿ ಒರೆಸಿ, ಮರಳು ಕಾಗದ ತಿಕ್ಕಿ ಮತ್ತೆ ಹಾಕುವವರಿದ್ದಾರೆ. ಬಿಸಿಯಾದ ಕೂಡಲೇ ಒಳಗಿನ ಗ್ರೀಸ್ ಮತ್ತೆ ಮೇಲೆ ಬರುತ್ತದೆ. ಬದಲಿಸಿ, ಬ್ರೇಕ್ ವಿಷಯದಲ್ಲಿ ಉಳಿತಾಯ ಬೇಡ. ಬರೀ ಮಣ್ಣು ಮತ್ತು ಲೈನರ್ (ಶೂವಿನ ಮೇಲಿನ ಉಜ್ಜುವ ಪದರ) ಪುಡಿ ಇದ್ದರೆ ಸ್ವಚ್ಛ ಮಾಡಿದರೆ ಸಾಕು. ಆ ಪುಡಿಯನ್ನು ಮಾತ್ರ ಊದಬೇಡಿ, ಪಂಚರ್ ಅಂಗಡಿಯ ಗಾಳಿ ಪೈಪೂ ಹಿಡಿಯಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಎಳೆ ಶ್ವಾಸಕೋಶಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ. ಮಕ್ಕಳನ್ನು ದೂರ ಇಡಿ.

ಈಗ ತೊಳೆಯಬಹುದು. ಪೆಟ್ರೋಲ್ ಬೇಡ. ಕೊಳೆ ಬೇಗ ಬಿಡುತ್ತದೆ, ನಿಜ. ಆದರೆ ಅದರ ಆವಿ ಎಂಥ ಚಳಿಯಲ್ಲೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಂಥದ್ದು, ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ದೂರದ ಒಲೆಯವರೆಗೂ ಹೋಗುತ್ತದೆ. ಹಿತ್ತಲಲ್ಲಿ ನೀರೊಲೆ ಉರಿಯುತ್ತಿರುವ ಮನೆಗಳಲ್ಲಿ ಬಟ್ಟಲು ಪೆಟ್ರೋಲ್ ಇಟ್ಟುಕೊಂಡು ಕೂರುವುದು ಅಪಾಯ. ಸೀಮೆಎಣ್ಣೆ ಸಿಕ್ಕರೆ ಅದು ಎಲ್ಲಕ್ಕಿಂತ ಒಳ್ಳೆಯದು, ಸಿಗದಿದ್ದರೆ ಡೀಸೆಲ್. ಬಯಲಲ್ಲಿ ಕೂತು ಕೆಲಸ ಮಾಡಿ, ಅವಕ್ಕೂ ಬೆಂಕಿ ತಾಗಬಾರದು. ಬೋಲ್ಟ್ ಬಿಚ್ಚಿ ಸ್ಪ್ರಾಕೆಟ್ಟನ್ನು ಕಪ್ಲಿಂಗಿನಿಂದ ಬೇರೆ ಮಾಡಿ, ಸ್ಪ್ರಾಕೆಟ್, ಬೋಲ್ಟ್, ಕಾಲರ್, ಆಕ್ಸಲ್, ಚೈನ್ ಇಷ್ಟನ್ನು ಮಾತ್ರ ಅದರಲ್ಲಿ ನೆನೆಸಿ. ಗಟ್ಟಿಯಾದ ಮಣ್ಣನ್ನು ಬಿದಿರಿನ ಕಡ್ಡಿಯಿಂದ ಕೆರೆದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಸ್ಪ್ರಾಕೆಟ್ ಹಲ್ಲಿಗೆ ತಂತಿ ಬ್ರಷ್ ನಡೆಯುತ್ತದೆ, ಅಲ್ಯೂಮಿನಿಯಂ ಗೂಡುಗಳಿಗೆ ಬೇಡ. ಕೊನೆಗೆ ಸೋಪು ನೀರಲ್ಲಿ ತೊಳೆದು ಬಿಸಿಲಿಗೆ ಇಡಿ.

ಹಬ್ ರಬ್ಬರ್‌ಗಳನ್ನು ಡೀಸೆಲ್, ಪೆಟ್ರೋಲ್ ಯಾವುದರಲ್ಲೂ ಹಾಕಬೇಡಿ. ಎಣ್ಣೆ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಮೊದಲ ದಿನ ಬಿಗಿಯಾಗಿ ಕೂತಂತೆ ಕಂಡರೂ ಆಮೇಲೆ ಬೇಗ ಕಿತ್ತುಬರುತ್ತದೆ. ಸೋಪಿನ ಪುಡಿಯ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬೇರಿಂಗ್ ಇರುವ ಕಪ್ಲಿಂಗನ್ನೂ ಮುಳುಗಿಸಬೇಡಿ. ಬೇರಿಂಗಿನ ಎರಡೂ ಬದಿಗೆ ಬಟ್ಟೆ ಒತ್ತಿ ಹಿಡಿದು ಸುತ್ತಲಿನ ಕೊಳೆಯನ್ನು ಡೀಸೆಲ್ ಬಟ್ಟೆಯಿಂದ ಒರೆಸಿ ತೆಗೆಯಿರಿ. ಎರಡು ಬದಿಗೂ ರಬ್ಬರ್ ಮುಚ್ಚಳ ಇರುವ ಬೇರಿಂಗಿನೊಳಗೆ ಒಮ್ಮೆ ಡೀಸೆಲ್ ಹೊಕ್ಕರೆ ಒಳಗಿನ ಗ್ರೀಸ್ ತೆಳ್ಳಗಾಗಿ ಸೋರಿಹೋಗುತ್ತದೆ, ಹೊಸ ಗ್ರೀಸ್ ಹಾಕಲು ದಾರಿ ಇರುವುದಿಲ್ಲ. ತೊಳೆದು ಉಳಿದ ಕಪ್ಪು ಎಣ್ಣೆಯನ್ನು ಬದುವಿಗೋ ಚರಂಡಿಗೋ ಚೆಲ್ಲಬೇಡಿ. ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ, ಅಲ್ಲಿ ವೇಸ್ಟ್ ಆಯಿಲ್ ಒಯ್ಯುವವರು ಬರುತ್ತಾರೆ.

ಚೈನನ್ನು ಗಾಡಿಯಲ್ಲೇ ಇಟ್ಟು, ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವ ಅಭ್ಯಾಸ ನಮ್ಮಲ್ಲಿ ಎಲ್ಲೆಡೆ ಇದೆ. ನೀವು ಮಾಡಬೇಡಿ, ನಿಮ್ಮ ಮನೆಯ ಹುಡುಗರಿಗೂ ಬಿಡಬೇಡಿ. ಬಟ್ಟೆಯ ಒಂದು ಎಳೆ ಹಲ್ಲಿಗೆ ಸಿಕ್ಕರೆ ಸಾಕು, ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಬೆರಳು ಸ್ಪ್ರಾಕೆಟ್ ಮತ್ತು ಚೈನ್ ನಡುವೆ ಹೋಗಿರುತ್ತದೆ. ಚೈನ್ ಸ್ವಚ್ಛ ಮಾಡುವುದಿದ್ದರೆ ನ್ಯೂಟ್ರಲ್‌ನಲ್ಲಿ, ಎಂಜಿನ್ ಬಂದ್ ಇಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿಯೇ ಮಾಡಬೇಕು.

ಎಲ್ಲ ಒಣಗಿದ ಮೇಲೆ ನಿಮ್ಮ ಮೆಕ್ಯಾನಿಕ್ ಹೇಳಿದ್ದನ್ನು ಒಂದೊಂದಾಗಿ ಪರಿಶೀಲಿಸೋಣ. ಚೈನಿನಿಂದ ಶುರು ಮಾಡಿ. ಸ್ಪ್ಲೆಂಡರ್‌ಗೆ ಬರುವುದು 428 ಅಳತೆಯ ಚೈನ್, ಅದರ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಚೈನನ್ನು ನೆಲದ ಮೇಲೆ ಎಳೆದು ಬಿಗಿಯಾಗಿ ಹಿಡಿದು 20 ಕೊಂಡಿಗಳ ದೂರ ಅಳೆಯಿರಿ, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ. ಹೊಸದರಲ್ಲಿ 254 ಮಿ.ಮೀ. ಬರಬೇಕು. 259 ದಾಟಿದ್ದರೆ ಶೇ. 2ರಷ್ಟು ಉದ್ದವಾಗಿದೆ, ಅದರ ಕಾಲ ಮುಗಿಯಿತು. 256ರ ಒಳಗಿದ್ದರೆ ಮೆಕ್ಯಾನಿಕ್ ಹತ್ತಿರ ಧೈರ್ಯವಾಗಿ ‘ಬೇಡ’ ಅನ್ನಿ. ಎರಡು ಮೂರು ಕಡೆ ಅಳೆಯಿರಿ, ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಚೈನ್ ಉದ್ದವಾಗುವುದು ಉಕ್ಕು ಹಿಗ್ಗಿ ಅಲ್ಲ, ಪ್ರತಿ ಪಿನ್ನೂ ಅದರ ಬುಷ್ಷೂ ಒಳಗೊಳಗೇ ಸವೆದು. ಮೇಲೆ ಮೆತ್ತಿದ ಗ್ರೀಸ್ ಅಲ್ಲಿಗೆ ತಲುಪುವುದೇ ಇಲ್ಲ, ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೇ. ಎಸ್‌ಎಇ 90 ಗೇರ್ ಆಯಿಲ್ ಆದರೆ ಪಿನ್ನಿನ ಸಂದಿಗೆ ಇಳಿಯುತ್ತದೆ. ಎಂಜಿನ್ನಿನಿಂದ ತೆಗೆದ ಹಳೆ ಆಯಿಲ್ ಹಾಕುವವರಿದ್ದಾರೆ, ಅದರಲ್ಲಿ ಲೋಹದ ಸಣ್ಣ ಕಣಗಳಿರುತ್ತವೆ, ಬೇಡ.

ಹಲ್ಲುಗಳನ್ನು ನೋಡುವಾಗ ಹಲ್ಲಿನ ತುದಿಯನ್ನಲ್ಲ, ಎರಡು ಹಲ್ಲುಗಳ ನಡುವಿನ ಕಣಿವೆಯನ್ನು ನೋಡಿ. ಹೊಸ ಸ್ಪ್ರಾಕೆಟ್‌ನಲ್ಲಿ ಕಣಿವೆಯ ಎರಡು ಬದಿಯೂ ಒಂದೇ ತರಹ ಇರುತ್ತವೆ. ಸವೆದದ್ದರಲ್ಲಿ ಎಳೆತ ಬೀಳುವ ಬದಿ ಒಳಗೆ ಕೊರೆದುಕೊಂಡು ಹಲ್ಲು ಕುಡುಗೋಲಿನ ಮೊನೆಯಂತೆ ಬಾಗಿರುತ್ತದೆ. ಸ್ಪ್ರಾಕೆಟ್ಟನ್ನು ತಿರುಗಿಸಿ ಇನ್ನೊಂದು ಮುಖ ಹೊರಗೆ ಬರುವಂತೆ ಹಾಕಿದರೆ ಸವೆಯದ ಬದಿ ಕೆಲಸಕ್ಕೆ ಬರುತ್ತದೆ ಎಂಬ ಉಪಾಯ ಕೆಲವರು ಹೇಳುತ್ತಾರೆ. ಒಪ್ಪಬೇಡಿ, ಆಕಾರ ಕೆಟ್ಟ ಹಲ್ಲು ಒಳ್ಳೆಯ ಚೈನನ್ನೂ ಹಾಳು ಮಾಡುತ್ತದೆ. ಎಂಜಿನ್ ಕಡೆಯ ಸ್ಪ್ರಾಕೆಟ್ಟನ್ನೂ ಕವರ್ ತೆಗೆದು ನೋಡಲೇಬೇಕು. ಅದಕ್ಕೆ ಇರುವುದು 14 ಹಲ್ಲು, ಹಿಂದಿನದಕ್ಕೆ ಹೆಚ್ಚುಕಡಿಮೆ ಅದರ ಮೂರು ಪಟ್ಟು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಅದು ಮೂರು ಸುತ್ತು ತಿರುಗುತ್ತದೆ, ಮೊದಲು ಸವೆಯುವುದೂ ಅದೇ. ಮೂರರಲ್ಲಿ ಒಂದು ನಿಜಕ್ಕೂ ಮುಗಿದಿದ್ದರೆ ಮೂರನ್ನೂ ಬದಲಿಸಿ, ಆ ಮಾತಿನಲ್ಲಿ ನಿಮ್ಮ ಮೆಕ್ಯಾನಿಕ್ ಸರಿ.

ಕಪ್ಲಿಂಗ್ ಬೇರಿಂಗಿನ ಒಳ ಉಂಗುರಕ್ಕೆ ಬೆರಳು ಹಾಕಿ ನಿಧಾನವಾಗಿ ತಿರುಗಿಸಿ, ಕಣ್ಣು ಮುಚ್ಚಿಕೊಂಡರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನುಣ್ಣಗೆ ತಿರುಗಬೇಕು. ಮರಳು ಸಿಕ್ಕಂತೆ ಗರಗರ ಅನ್ನಿಸಿದರೆ, ಅಲ್ಲಲ್ಲಿ ತಡೆದು ತಡೆದು ತಿರುಗಿದರೆ, ಅಡ್ಡಕ್ಕೆ ಅಲುಗಿದರೆ ಬದಲಿಸಿ. ಬೇರಿಂಗ್ ಮೇಲೆ ಕೆತ್ತಿದ ನಂಬರ್ ಬರೆದುಕೊಂಡು ಅದನ್ನೇ ಕೇಳಿ, ಎರಡು ಬದಿ ರಬ್ಬರ್ ಮುಚ್ಚಳದ್ದೇ ಬೇಕು ಅನ್ನಿ. ಹಾಕುವಾಗ ಹೊರ ಉಂಗುರಕ್ಕೆ ಮಾತ್ರ ಒತ್ತಡ ಬೀಳಬೇಕು. ಒಳ ಉಂಗುರಕ್ಕೆ ಹೊಡೆದು ಕೂರಿಸಿದ ಬೇರಿಂಗ್ ಗುಂಡಿನ ಹಾದಿಯಲ್ಲಿ ಕುಳಿ ಬಿದ್ದು ಹೊಸದಾಗಿರುವಾಗಲೇ ಕೆಟ್ಟಿರುತ್ತದೆ. ಪ್ರೆಸ್ ಇರುವ ಲೇಥ್ ಅಂಗಡಿಯಲ್ಲಿ ಈ ಒಂದು ಕೆಲಸ ಮಾಡಿಸಿಕೊಂಡರೆ ವಾಸಿ.

ಇನ್ನು ರಬ್ಬರ್. ಬದಿಗಳಲ್ಲಿ ರೆಕ್ಕೆ ಒತ್ತಿದ ಅಚ್ಚು ಆಳವಾಗಿ ಬಿದ್ದಿದ್ದರೆ, ಬಿರುಕಿದ್ದರೆ, ಉಗುರು ಒತ್ತಿದರೆ ಇಳಿಯದಷ್ಟು ಗಟ್ಟಿಯಾಗಿದ್ದರೆ ಎಷ್ಟು ತುಂಡಿವೆಯೋ ಅಷ್ಟನ್ನೂ ಒಟ್ಟಿಗೆ ಬದಲಿಸಿ. ಚೈನ್ ಸೆಟ್ಟಿಗೆ ಹೋಲಿಸಿದರೆ ಇದರ ಬೆಲೆ ಏನೂ ಅಲ್ಲ. ಟ್ಯೂಬ್ ತುಂಡು ತುಂಬುವ ಸಲಹೆಗೆ ನನ್ನ ಉತ್ತರ ಇಷ್ಟು: ಊರು ಸೇರುವವರೆಗೆ ಬೇರೆ ದಾರಿಯಿಲ್ಲದಿದ್ದರೆ ಸರಿ, ಅದರ ಮೇಲೆ ಬೇಡ. ಎಲ್ಲ ಗೂಡಿಗೂ ಒಂದೇ ದಪ್ಪ ತುಂಬಲು ಕೈಯಿಂದ ಆಗುವುದಿಲ್ಲ. ಒಂದು ಗೂಡು ಬಿಗಿ, ಒಂದು ಸಡಿಲ ಆದರೆ ಎಲ್ಲ ಎಳೆತ ಒಂದೇ ರೆಕ್ಕೆಯ ಮೇಲೆ ಬೀಳುತ್ತದೆ, ಕಪ್ಲಿಂಗ್ ಓರೆಯಾಗಿ ಕೂತು ಬೇರಿಂಗನ್ನೂ ಎಳೆದಾಡುತ್ತದೆ. ಹಬ್ ಹೋಗಿದೆ ಎಂಬ ಮಾತು ನಿಜವೋ ಅಲ್ಲವೋ ಎಂದು ತಿಳಿಯುವುದೂ ಇಲ್ಲೇ. ಗೂಡುಗಳ ಅಲ್ಯೂಮಿನಿಯಂ ಗೋಡೆಯ ಮೇಲೆ ಬೆರಳು ಓಡಿಸಿ. ನೇರವಾಗಿದ್ದರೆ ಹಬ್ಬಿಗೆ ಏನೂ ಆಗಿಲ್ಲ. ಮೆಟ್ಟಿಲಿನಂತೆ ತಗ್ಗು ಸಿಕ್ಕರೆ, ಹೊಸ ರಬ್ಬರ್ ಹಾಕಿದರೂ ಕೈಯಲ್ಲೇ ಅಲುಗಾಡಿದರೆ ಆಗ ಹಬ್ ಬದಲಿಸುವ ಮಾತು ಒಪ್ಪಬೇಕಾಗುತ್ತದೆ. ಕಪ್ಲಿಂಗ್ ರೆಕ್ಕೆಗಳ ಬುಡದಲ್ಲಿ ಬಿರುಕಿದೆಯೇ ಎಂದೂ ನೋಡಿ.

ವಾಪಸ್ ಜೋಡಿಸುವಾಗ ಸ್ಪ್ರಾಕೆಟ್ ಬೋಲ್ಟ್‌ಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಮಡಚುವ ಲಾಕ್ ಪ್ಲೇಟ್ ಇದ್ದರೆ ಹೊಸದು ಹಾಕಿ, ಒಮ್ಮೆ ಮಡಚಿ ಬಿಡಿಸಿದ ತಗಡು ಎರಡನೇ ಸಲ ಮುರಿಯುತ್ತದೆ. ಹೊಸ ರಬ್ಬರ್ ಬಿಗಿಯಾಗಿರುತ್ತದೆ, ಸೋಪು ನೀರು ಸವರಿ ಅಂಗೈಯಿಂದ ಒತ್ತಿ ಕೂರಿಸಿ, ಗ್ರೀಸ್ ಬೇಡ. ಆಕ್ಸಲ್‌ಗೆ ಮಾತ್ರ ತೆಳುವಾಗಿ ಗ್ರೀಸ್ ಹಚ್ಚಿ. ಚೈನ್ ಲಾಕಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಲಿ, ತಿರುಗುಮುರುಗಾದರೆ ಕವರಿಗೆ ತಗುಲಿ ಲಾಕ್ ಹಾರುತ್ತದೆ. ಎರಡು ಕಡೆಯ ಅಡ್ಜಸ್ಟರ್ ಗುರುತುಗಳು ಒಂದೇ ಗೆರೆಗೆ ಬರಬೇಕು. ಚೈನಿನ ಸಡಿಲವನ್ನು ಕೆಳಗಿನ ಸಾಲಿನ ನಡುವೆ, ಚಕ್ರ ತಿರುಗಿಸುತ್ತಾ ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲಿ ನೋಡಿ. ಸುಮಾರು 25 ಮಿ.ಮೀ. ಮೇಲೆ ಕೆಳಗೆ ಆಡಬೇಕು. ಬಿಗಿಯಾದಷ್ಟೂ ಒಳ್ಳೆಯದು ಎಂಬುದು ತಪ್ಪು, ಹಿಂದೆ ಆಳು ಕೂತು ಗುಂಡಿಗೆ ಇಳಿದಾಗ ಚೈನ್ ಇನ್ನೂ ಬಿಗಿಯಾಗುತ್ತದೆ, ಆ ಭಾರವೆಲ್ಲ ಬೇರಿಂಗ್‌ಗಳ ಮೇಲೆ. ಮೊದಲು ಸ್ಲೀವ್ ನಟ್ ಬಿಗಿ ಮಾಡಿ. ಆಮೇಲೆ ಬ್ರೇಕ್ ರಾಡ್ ಜೋಡಿಸಿ, ಯಾರಾದರೂ ಪೆಡಲ್ ಒತ್ತಿ ಹಿಡಿದಿರುವಾಗ ಆಕ್ಸಲ್ ನಟ್ ಬಿಗಿ ಮಾಡಿ. ಶೂಗಳು ಡ್ರಮ್ಮಿನ ನಡುವಿಗೆ ತಾವೇ ಬಂದು ಕೂರುತ್ತವೆ.

ಸ್ಟಾಪರ್ ಆರ್ಮನ್ನು ಮರೆತು ಗಾಡಿ ರಸ್ತೆಗೆ ಇಳಿಸಬೇಡಿ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಅದಿಲ್ಲದೆ ಬ್ರೇಕ್ ಒತ್ತಿದರೆ ಬ್ರೇಕ್ ಪ್ಲೇಟೇ ಚಕ್ರದ ಜೊತೆ ಸುತ್ತಿ, ರಾಡನ್ನು ಮುರಿದು ಚಕ್ರವನ್ನು ಜಾಮ್ ಮಾಡುತ್ತದೆ. ನಟ್ ಬಿಗಿ ಮಾಡಿ ಹೊಸ ಸ್ಪ್ಲಿಟ್ ಪಿನ್ ಹಾಕಿ ಎರಡೂ ಕಾಲು ಮಡಚಿ. ಪೆಡಲ್ 20ರಿಂದ 30 ಮಿ.ಮೀ. ಇಳಿದ ಮೇಲೆ ಬ್ರೇಕ್ ಹಿಡಿಯುವಂತೆ ಅಡ್ಜಸ್ಟ್ ಮಾಡಿ, ಚಕ್ರ ಕೈಯಲ್ಲಿ ತಿರುಗಿಸಿದರೆ ತಡೆಯಿಲ್ಲದೆ ತಿರುಗಬೇಕು. ಅಂಗಳದಲ್ಲೇ ನಿಧಾನ ಓಡಿಸಿ ಬ್ರೇಕ್ ಹಿಡಿದು ನೋಡಿ, ಆಮೇಲೆ ರಸ್ತೆ. ಸುಮಾರು 50 ಕಿ.ಮೀ. ಓಡಿದ ಮೇಲೆ ಎರಡೂ ನಟ್ ಮತ್ತು ಚೈನಿನ ಸಡಿಲ ಇನ್ನೊಮ್ಮೆ ನೋಡಿ. ಹೊಸ ರಬ್ಬರ್ ಕೂತುಕೊಳ್ಳುವಾಗ ಸ್ವಲ್ಪ ಬದಲಾಗುತ್ತದೆ.

ಇಷ್ಟಾದ ಮೇಲೂ ಅದೇ ‘ಟಕ್’ ಉಳಿದರೆ ಹಿಂದಿನ ಚಕ್ರವನ್ನು ಬಿಟ್ಟುಬಿಡಿ. ಎಂಜಿನ್ ಕಡೆಯ ಸ್ಪ್ರಾಕೆಟ್ ತನ್ನ ಶಾಫ್ಟಿನ ಗೀರುಗಳ ಮೇಲೆ ಎಷ್ಟು ತಿರುಗಾಡುತ್ತದೆ ಎಂದು ಕೈಯಲ್ಲಿ ಹಿಡಿದು ನೋಡಿ, ಸ್ವಿಂಗ್ ಆರ್ಮ್ ಬುಷ್ ಪರೀಕ್ಷಿಸಿ. ಮೆಕ್ಯಾನಿಕ್ ಹತ್ತಿರ ಹೋಗುವುದಿದ್ದರೆ ಬಿಚ್ಚುವ ಮೊದಲು ಬರೆದಿಟ್ಟುಕೊಂಡ ಚೀಟಿ, ಚೈನಿನ ಅಳತೆ, ಬಿಳಿ ಬಟ್ಟೆಯ ಫೋಟೋ ಮೂರನ್ನೂ ತೋರಿಸಿ. ಬದಲಿಸಿದ ಪ್ರತಿ ಹಳೆ ಸಾಮಾನನ್ನೂ ಅವರಿಂದ ವಾಪಸ್ ಕೇಳಿ ತೆಗೆದುಕೊಳ್ಳಿ.